ಓದುಗರನ್ನು ಹೆದರಿಸಿ ಹೊಟ್ಟೆ ಹೊರೆಯುವುದು ಹೇಗೆ?

ಮೊದಲು ದೆವ್ವವನ್ನೂ ಕೊಲೆಗಾರನನ್ನೂ ಪಕ್ಕಕ್ಕಿಡಿ. ಓದುಗರು ಅವರಿಗೆ ಅಷ್ಟಾಗಿ ಹೆದರುವುದಿಲ್ಲ. ದಿನಾ ನೋಡುವ ವಸ್ತು ಇದ್ದ ಹಾಗೆ ಇಲ್ಲದಿದ್ದರೆ ಹೆದರುತ್ತಾರೆ.

"ಕತ್ತಲಲ್ಲಿ ಭಯಂಕರ ಆಕೃತಿಯೊಂದು ನಿಂತಿತ್ತು" ಅಂತ ಬರೆದರೆ ಯಾರಿಗೂ ಏನೂ ಆಗುವುದಿಲ್ಲ. ಹೀಗೆ ಬರೆದು ನೋಡಿ: ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ನಡುರಾತ್ರಿ ನೀರು ಕುಡಿಯಲು ಎದ್ದು ಬರುತ್ತಾಳೆ. ಮಲಗುವ ಮುಂಚೆ ತೊಳೆದು ಬೋರಲು ಹಾಕಿದ್ದ ಲೋಟ ಈಗ ನೆಟ್ಟಗೆ ನಿಂತಿದೆ. ಒಳಗೆ ಅರ್ಧ ನೀರು. ಇಷ್ಟೇ. ಇಟ್ಟವರು ಯಾರು ಅಂತ ಇನ್ನೂ ಹತ್ತು ಪುಟ ಬಾಯಿ ಬಿಡಬೇಡಿ. ಅವಳು ನೀರು ಚೆಲ್ಲಿ, ಲೋಟ ತೊಳೆದು, ಮತ್ತೆ ಬೋರಲು ಹಾಕಿ ಹೋಗಿ ಮಲಗಿಕೊಂಡಳು ಅಂತ ಬರೆದರೆ ಇನ್ನೂ ಚೆನ್ನ. ಬೆಳಗ್ಗೆ ಆ ಲೋಟ ಹೇಗಿರುತ್ತೆ ಅನ್ನೋದೊಂದೇ ಆಮೇಲೆ ಓದುವವರ ತಲೆಯಲ್ಲಿ ಕೊರೆಯುತ್ತಾ ಇರುತ್ತದೆ.

ಪತ್ತೇದಾರಿ ಕಥೆಯ ಲೆಕ್ಕ ಉಲ್ಟಾ. ಕೊನೆಯಿಂದ ಶುರು ಮಾಡಿ. ಕೊಂದವರು ಯಾರು, ಯಾಕೆ, ಆ ದಿನ ಬೆಳಗ್ಗೆಯಿಂದ ಅವರು ಎಲ್ಲೆಲ್ಲಿ ಇದ್ದರು, ಎಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಸುಳಿವನ್ನು ಬಚ್ಚಿಡೋದು ಮೋಸ, ಅದನ್ನು ಎಲ್ಲರ ಕಣ್ಣೆದುರೇ ಇಡಬೇಕು. ಮೇಜಿನ ಮೇಲೆ ಕನ್ನಡಕ, ಮಾತ್ರೆ ಡಬ್ಬಿ, ಬೀಗದ ಕೈ, ಹಳೇ ಪೇಪರ್ ಇತ್ತು ಅಂತ ಬರೆದು, ಮುಂದಿನ ಸಾಲಿನಲ್ಲೇ ಇಬ್ಬರಿಗೆ ಜಗಳ ಹಚ್ಚಿಬಿಡಿ. ಓದುಗರಿಗೆ ಜಗಳ ನೆನಪಿರುತ್ತದೆ, ಮಾತ್ರೆ ಡಬ್ಬಿ ಮರೆತೇ ಹೋಗುತ್ತದೆ.

ಆದರೆ ಹೆಣದ ವಿಷಯದಲ್ಲಿ ತಪ್ಪು ಮಾಡಿದರೆ ಮಾನ ಹೋಗುತ್ತದೆ. ನನ್ನ ಮೊದಲ ಕಥೆಯಲ್ಲಿ ಸತ್ತು ಇಪ್ಪತ್ತು ನಿಮಿಷಕ್ಕೇ ಹೆಣ ಕೊರಡಿನ ಹಾಗೆ ಸೆಟೆದುಕೊಂಡಿತ್ತು. ಓದಿದ ನರ್ಸ್ ಒಬ್ಬರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ನಿಜದಲ್ಲಿ ಒಂದೆರಡು ಗಂಟೆ ಬೇಕು, ಅದೂ ರೆಪ್ಪೆ, ದವಡೆಯಲ್ಲಿ ಮೊದಲು ಗೊತ್ತಾಗುತ್ತದೆ. ಮೈಯೆಲ್ಲ ಸೆಟೆಯಲು ಸುಮಾರು 12 ಗಂಟೆ, ಒಂದು ದಿನ ಕಳೆದ ಮೇಲೆ ನಿಧಾನಕ್ಕೆ ಸಡಿಲ. ಸೆಕೆ ಇದ್ದರೆ ಎಲ್ಲ ಬೇಗ, ಚಳಿ ಇದ್ದರೆ ತಡ. ಕ್ಲೋರೋಫಾರ್ಮ್ ಕರ್ಚೀಫನ್ನು ಮೂಗಿಗೆ ಹಿಡಿದ ತಕ್ಷಣ ಜನ ಬೀಳುತ್ತಾರಲ್ಲ, ಅದೂ ಸುಳ್ಳೇ, ಪ್ರಜ್ಞೆ ತಪ್ಪಲು ನಿಮಿಷಗಳೇ ಬೇಕು. ಪತ್ತೇದಾರಿ ಕಾದಂಬರಿ ಬರೆದ ಅಗಾಥಾ ಕ್ರಿಸ್ಟಿಗೆ ವಿಷಗಳ ಬಗ್ಗೆ ಅಷ್ಟು ಗೊತ್ತಿದ್ದದ್ದು ಸುಮ್ನೆ ಅಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಅವರು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರು.

ಬರೆದಾದ ಮೇಲೆ ಒಬ್ಬರ ಕೈಗೆ ಕೊಡಿ, ಅರ್ಧಕ್ಕೆ ನಿಲ್ಲಿಸಿ ಯಾರ ಮೇಲೆ ಅನುಮಾನ ಅಂತ ಕೇಳಿ. ಸರಿಯಾಗಿ ಹೇಳಿದರೆ ತಿದ್ದಬಹುದು. ಯಾರ ಮೇಲೂ ಇಲ್ಲ ಅಂದರೆ ಕಷ್ಟ, ಅವರಿಗೆ ಆಗಲೇ ಬೋರ್ ಆಗಿದೆ.

ಇನ್ನು ಹೊಟ್ಟೆಪಾಡು. ಕೈಯಲ್ಲಿರೋ ಕೆಲಸ ಬಿಡಬೇಡಿ. ಹೆದರಿಸುವ ಕಾದಂಬರಿಗಳಿಗೆ ಹೆಸರಾದ ಅಮೆರಿಕದ ಸ್ಟೀಫನ್ ಕಿಂಗ್ ಸ್ಕೂಲ್ ಮೇಷ್ಟ್ರಾಗಿದ್ದುಕೊಂಡೇ ಬರೆದವರು. 1974ರಲ್ಲಿ ಬಂದ ಮೊದಲ ಕಾದಂಬರಿಯ ಶುರುವಿನ ಹಾಳೆಗಳನ್ನು ಅವರು ಕಸದ ಬುಟ್ಟಿಗೆ ಹಾಕಿದ್ದರು, ಅವನ್ನು ಎತ್ತಿ ಓದಿ, "ಮುಂದುವರಿಸಿ" ಅಂದವರು ಹೆಂಡತಿ. ಸಿಕ್ಕ ಮುಂಗಡ 2,500 ಡಾಲರ್. ಆಮೇಲೆ ಪೇಪರ್‌ಬ್ಯಾಕ್ (ತೆಳು ರಟ್ಟಿನ ಅಗ್ಗದ ಆವೃತ್ತಿ) ಹಕ್ಕು 4 ಲಕ್ಷ ಡಾಲರಿಗೆ ಹೋಯಿತು, ಅದರಲ್ಲಿ ಅರ್ಧ ಅವರಿಗೆ ಬಂತು. ಹಕ್ಕಿನಲ್ಲಿ ಪಾಲು ಉಳಿದಿತ್ತು ನೋಡಿ, ಅದಕ್ಕೆ! ಕೋನನ್ ಡಾಯ್ಲ್ ಕಥೆ ಬೇರೆ. ಷರ್ಲಾಕ್ ಹೋಮ್ಸ್ ಮೊದಲ ಸಲ ಕಾಣಿಸಿಕೊಂಡ ಕಾದಂಬರಿಯ ಪೂರ್ತಿ ಹಕ್ಕನ್ನು 25 ಪೌಂಡಿಗೆ ಬರೆದುಕೊಟ್ಟರು, ಅದರಿಂದ ಮತ್ತೆ ಬಿಡಿಗಾಸೂ ಬರಲಿಲ್ಲ. ಹಾಗಾಗಿ ಪ್ರಕಾಶಕರು ಒಪ್ಪಂದ ಕಳಿಸಿದಾಗ ಖುಷಿಯಲ್ಲಿ ಸಹಿ ಹಾಕಬೇಡಿ. ಸಿನಿಮಾ, ಅನುವಾದ, ಆಡಿಯೋ, ಒಂದೊಂದರ ಹಕ್ಕು ಯಾರಿಗೆ, ಎಷ್ಟು ವರ್ಷ ಅಂತ ಬೆರಳಿಟ್ಟು ಓದಿ. ಎಲ್ಲ ಹಕ್ಕೂ ಶಾಶ್ವತವಾಗಿ ಅಂತ ಇದ್ದರೆ ಆ ಸಾಲು ತೆಗೆಸಿ.

ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಬರೆಯೋರಿಗೆ ಗುಪ್ತನಾಮ ಒಂದು ದಾರಿ. ಕಿಂಗ್ ಕೂಡ ರಿಚರ್ಡ್ ಬ್ಯಾಕ್‌ಮನ್ ಅನ್ನೋ ಹೆಸರಲ್ಲಿ ಬರೆದರು. 1985ರಲ್ಲಿ ಗುಟ್ಟು ರಟ್ಟಾಯಿತು. ಪುಸ್ತಕದಂಗಡಿಯ ಗುಮಾಸ್ತನೊಬ್ಬ ಬರವಣಿಗೆ ನೋಡಿ ಅನುಮಾನಪಟ್ಟು, ಹಕ್ಕುಸ್ವಾಮ್ಯದ ಕಡತ ಕೆದಕಿ, ಅದರಲ್ಲಿ ಕಿಂಗ್ ಹೆಸರು ಹಿಡಿದಿದ್ದ. ಹಾಗಂತ ಕಡತದಲ್ಲೂ ಸುಳ್ಳು ಹೆಸರು ಕೊಡಬೇಡಿ, ರಾಯಲ್ಟಿ, ಅಂದರೆ ಮಾರಾಟದಲ್ಲಿ ಬರೆದವರ ಪಾಲು, ನಿಮ್ಮ ಖಾತೆಗೇ ಬರಬೇಕಲ್ವಾ.