ಅಲಾರಾಂ, ಗುಳಿಗೆ ಮತ್ತು ಬೋಟಿನ ವೇಳೆ: ನನ್ನ ಅನುಭವ

ಕಾರವಾರದ ಬೈತಖೋಲ ಬಂದರಿಗೆ ಹತ್ತಿರವಿರುವ ನನ್ನ ಸಣ್ಣ ಚಿಕಿತ್ಸಾಲಯಕ್ಕೆ ಬರುವವರಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯವರೇ ಹೆಚ್ಚು. ಗುಳಿಗೆ ತಪ್ಪಿಸುತ್ತೀರಾ ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ಉಳಿದ ಸ್ಟ್ರಿಪ್‌ಗಳನ್ನು ತರಿಸಿ ಎಣಿಸಿದಾಗ ಮಾತ್ರ ನಿಜ ತಿಳಿಯುತ್ತದೆ. ದೀರ್ಘಕಾಲದ ಕಾಯಿಲೆಯವರಲ್ಲಿ ಔಷಧವನ್ನು ಹೇಳಿದಂತೆ ಸೇವಿಸುವವರು ಶ್ರೀಮಂತ ದೇಶಗಳಲ್ಲಿಯೂ ಸರಾಸರಿ ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿಯೇ ಹೇಳಿತ್ತು. ನನ್ನ ಎಣಿಕೆಯೂ ಅದರ ಆಸುಪಾಸಿನಲ್ಲಿಯೇ ಇತ್ತು.

ಮೊದಲು ಪ್ರತಿದಿನ ಬೆಳಿಗ್ಗೆ 8 ಗಂಟೆಗೆ ಕನ್ನಡದಲ್ಲಿ ಎಸ್‌ಎಂಎಸ್ ಕಳುಹಿಸಿದೆ. ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಅಕ್ಷರಸಂಕೇತಗಳಷ್ಟೇ ಮಿತಿಯಾದ್ದರಿಂದ ಮಾತನ್ನು ಕತ್ತರಿಸಿ ಕತ್ತರಿಸಿ ಬರೆದದ್ದಾಯಿತು, ಆದರೆ ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಅದು ಬರೀ ಚೌಕಗಳಾಗಿ ಮೂಡುತ್ತಿತ್ತು. ಬೋಟಿನಲ್ಲಿ ಹೋದವರಿಗೆ ನೆಟ್‌ವರ್ಕ್ ಸಿಗದೆ, ನಾಲ್ಕಾರು ದಿನಗಳ ಸಂದೇಶಗಳೆಲ್ಲ ಬಂದರಿಗೆ ಮರಳಿದಾಗ ಒಮ್ಮೆಲೇ ಬೀಳುತ್ತಿದ್ದವು. ಇನ್ನು ಕೆಲವು ಮನೆಗಳಲ್ಲಿ ಗುಳಿಗೆ ತಾಯಿಯದು, ಫೋನು ಮಗನದು. ಅವನು ಸಮುದ್ರಕ್ಕೆ ಹೋದರೆ ನೆನಪೂ ಅವನ ಜೊತೆಗೇ ಹೋಗುತ್ತಿತ್ತು.

ಆದ್ದರಿಂದ ಫೋನಿನೊಳಗಿನ ಅಲಾರಾಂ ಅನ್ನೇ ನಂಬಿದೆ. ಅದಕ್ಕೆ ನೆಟ್‌ವರ್ಕ್ ಬೇಡ, ಓದು ಬರಬೇಕೆಂದಿಲ್ಲ. ರೋಗಿಯ ಎದುರಿನಲ್ಲಿಯೇ, ಅವರ ಕೈಯಿಂದಲೇ ಅದನ್ನು ಇಡಿಸುತ್ತೇನೆ. ವೇಳೆಯನ್ನು ಮಾತ್ರ ನಾನು ಹೇಳುವುದಿಲ್ಲ, ಅವರ ದಿನಚರಿಯನ್ನು ಕೇಳುತ್ತೇನೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಊಟದೊಡನೆ ಆಗಬೇಕು, ಥೈರಾಯಿಡ್ ಗುಳಿಗೆ ಖಾಲಿ ಹೊಟ್ಟೆಯಲ್ಲಿ ಆಗಬೇಕು. ರಕ್ತದೊತ್ತಡದ ಅಮ್ಲೋಡಿಪಿನ್‌ಗೆ ಹೊತ್ತು ಯಾವುದಾದರೂ ಸರಿ, ದಿನವೂ ಅದೇ ಹೊತ್ತಾದರೆ ಸಾಕು. ಹೀಗಾಗಿ ನಸುಕಿನಲ್ಲಿ ಬೋಟ್ ಹತ್ತುವವರಿಗೆ ರಾತ್ರಿಯ ಊಟದ ಹೊತ್ತನ್ನೂ, ಮನೆಯಲ್ಲಿರುವ ಅಜ್ಜಿಯೊಬ್ಬರಿಗೆ ದೇವರಿಗೆ ದೀಪ ಹಚ್ಚುವ ಹೊತ್ತನ್ನೂ ಗೊತ್ತುಮಾಡಿದೆವು. ಆ ಅಜ್ಜಿಗೆ ಈಗ ಅಲಾರಾಂ ಬೇಕಾಗಿಯೇ ಇಲ್ಲ.

ಒಂದು ತಪ್ಪು ನನ್ನಿಂದಾಯಿತು. ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದ ಒಬ್ಬರು ಅಲಾರಾಂ ಬಡಿದಾಗ ಗುಳಿಗೆ ನುಂಗಿ, ಸ್ನೂಜ್ ಆಗಿದ್ದ ಅದು ಹತ್ತು ನಿಮಿಷದ ಮೇಲೆ ಮತ್ತೆ ಬಡಿದಾಗ ಇನ್ನೊಂದನ್ನೂ ನುಂಗಿದ್ದರು. ಮಧ್ಯಾಹ್ನದೊಳಗೆ ಬೆವರಿ, ಕೈ ನಡುಗಿ, ಸಕ್ಕರೆ ಇಳಿದ ಸ್ಥಿತಿಯಲ್ಲಿ ಅವರನ್ನು ಕರೆತಂದರು. ಅಂದಿನಿಂದ ಸ್ನೂಜ್ ತೆಗೆಸುತ್ತೇನೆ. ಸ್ಟ್ರಿಪ್‌ನ ಹಿಂಬದಿಯಲ್ಲಿ ಒಂದೊಂದು ಗುಳಿಗೆಗೂ ತಾರೀಕು ಬರೆಸಿ, ಅದನ್ನು ನೋಡಿಯೇ ನುಂಗಬೇಕೆಂದು ಹೇಳುತ್ತೇನೆ.

ಅಲಾರಾಂ ಮರೆವಿಗೆ ಮದ್ದು, ಗುಳಿಗೆ ಬಿಡಲು ನಿರ್ಧರಿಸಿದವರಿಗೆ ಅಲ್ಲ. ಇದನ್ನು ಕಲಿಸಿದ್ದು ವಾರಕ್ಕೊಮ್ಮೆ ನಮ್ಮ ನರ್ಸ್ ಮಾಡುವ ಕರೆ. ಕೀನ್ಯಾದಲ್ಲಿ ಎಚ್‌ಐವಿ ರೋಗಿಗಳ ನಡುವೆ ನಡೆದು 2010 ಮತ್ತು 2011ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಓದಿ ಇದನ್ನು ಆರಂಭಿಸಿದ್ದೆ: ಒಂದರಲ್ಲಿ ವಾರಕ್ಕೊಮ್ಮೆ ಹೇಗಿದ್ದೀರಿ ಎಂದು ಕೇಳಿದ ಸಂದೇಶ ಫಲ ಕೊಟ್ಟಿತ್ತು, ಇನ್ನೊಂದರಲ್ಲಿ ವಾರದ ಸಂದೇಶಕ್ಕೆ ಸಿಕ್ಕ ಫಲ ದಿನದ ಸಂದೇಶಕ್ಕೆ ಸಿಕ್ಕಿರಲಿಲ್ಲ. ನಮ್ಮ ಕರೆಗೆ ಬಂದ ಒಂದು ಉತ್ತರ ಹೀಗಿತ್ತು: "ಬಿಪಿ ಕಮ್ಮಿ ಆಗಿದೆ ಅಂತ ನೀವೇ ಹೇಳಿದ್ರಲ್ಲ, ಅದ್ಕೇ ಬಿಟ್ಟೆ." ಗುಳಿಗೆಯಿಂದಲೇ ಅದು ಇಳಿದಿದೆ ಎಂಬುದನ್ನು ವಿವರಿಸಲು ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ಕರೆಯಲ್ಲಿ ಕಾಯಿಲೆಯ ಹೆಸರನ್ನು ನಾವು ಹೇಳುವುದಿಲ್ಲ, ಏಕೆಂದರೆ ಫೋನ್ ಎತ್ತುವವರು ಬೇರೆಯವರಿರಬಹುದು. ಗುಳಿಗೆ ಕೊಟ್ಟ 26ನೆಯ ದಿನದ ಸುಮಾರಿಗೆ ಅದು ಮುಗಿಯುತ್ತಿದೆಯೇ ಎಂದೂ ಕೇಳುತ್ತೇವೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುವಾಗ ಏಳುವ, ಉಣ್ಣುವ ಹೊತ್ತುಗಳೆಲ್ಲ ಬದಲಾಗುತ್ತವೆ. ಮೊದಲ ವರ್ಷ ನನಗಿದು ಹೊಳೆದಿರಲಿಲ್ಲ. ಈಗ ಮೇ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಆರಂಭದಲ್ಲೊಮ್ಮೆ ಬೋಟಿನವರ ಅಲಾರಾಂಗಳನ್ನು ಹೊಸದಾಗಿ ಇಡಿಸುತ್ತೇವೆ.