ದಾವಣಗೆರೆಯ ಮನೆಯಲ್ಲಿ ಕ್ರಿಸ್‌ಮಸ್‌ಗೆ ಅಣಿಯಾಗುವ ಬಗೆ

ಅಲಂಕರಿಸಿದ ಮರದ ಸುತ್ತ ನೆರೆದ ಕುಟುಂಬದ ಚಿತ್ರವು, 1848ರಲ್ಲಿ ಲಂಡನ್ನಿನ ಪತ್ರಿಕೆಯೊಂದು ವಿಕ್ಟೋರಿಯಾ ರಾಣಿಯ ಮನೆಯವರನ್ನು ಹಾಗೆ ತೋರಿಸಿದ ಮೇಲೆ ಬಹಳ ಜನಪ್ರಿಯವಾಯಿತು. ಹಿಮವೇ ಬೀಳದ ದಾವಣಗೆರೆಯಲ್ಲಿ ಅಂಥ ಮರಕ್ಕಾಗಿ ಸಾಲ ಮಾಡಬೇಕಾಗಿಲ್ಲ.

ಮೊದಲು ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಗೆ, ಕೈಹಾಕಿ. ಹಬ್ಬಕ್ಕೆ ಹತ್ತು ದಿನವಿರುವಾಗ ರಾಗಿಯನ್ನು ರಾತ್ರಿಯಿಡೀ ನೆನೆಸಿ, ಅಗಲವಾದ ತಟ್ಟೆಯಲ್ಲಿ ಒದ್ದೆ ಮಣ್ಣು ಹರಡಿ, ಕಾಳುಗಳನ್ನು ಒತ್ತಾಗಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ ದಿನವೂ ನೀರು ಚಿಮುಕಿಸಿದರೆ, ಡಿಸೆಂಬರ್ 24ರ ಹೊತ್ತಿಗೆ ಗೋದಲಿಯಲ್ಲಿಡಲು ಬೆರಳುದ್ದದ ಹಸುರು ಸಿದ್ಧವಾಗಿರುತ್ತದೆ. ಅಂಗಡಿಯ ಪ್ಲಾಸ್ಟಿಕ್ ಹುಲ್ಲಿಗಿಂತ ಇದು ಎಷ್ಟೋ ಚೆಂದ.

ಕರ್ಜಿಕಾಯಿ, ಚಕ್ಕುಲಿಗಳನ್ನು ಮೊದಲೇ ಕರಿದಿಡಿ. ಕೇಕನ್ನು ಬೇಕರಿಯಿಂದ ತಂದರೆ ಯಾವ ಕೊರತೆಯೂ ಇಲ್ಲ. ಚರ್ಚಿನಲ್ಲಿ ನಡುರಾತ್ರಿಯ ಬಲಿಪೂಜೆ (ಮಾಸ್ ಎಂಬ ಪ್ರಾರ್ಥನಾ ವಿಧಿ) ಮುಗಿಸಿ ಬಂದ ಹೆಂಗಸರೇ ಬೆಳಿಗ್ಗೆ ಬಿರಿಯಾನಿಗೂ ನಿಲ್ಲಬೇಕಾಗುವುದರಿಂದ, ಈರುಳ್ಳಿ ಹೆಚ್ಚುವ, ನೆರೆಮನೆಗಳಿಗೆ ತಿಂಡಿ ಹಂಚುವ ಕೆಲಸಗಳನ್ನು ಗಂಡಸರಿಗೂ ಮಕ್ಕಳಿಗೂ ಹಿಂದಿನ ದಿನವೇ ಒಪ್ಪಿಸಿ.