ಶೇಂಗಾ ಕೈಗೆ ಬೇಡ, ಬಟ್ಟಲಿಗೆ ಇರಲಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದು ಶೇಂಗಾದಿಂದ. ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಮುಂಗಾರಿನಲ್ಲಿ ಹೊಲದ ತುಂಬ ಅದೇ, ದೀಪಾವಳಿಯ ಹೊತ್ತಿಗೆ ಅಂಗಳದ ತುಂಬ ಅದೇ. ಪಂಚಾಯಿತಿಯ ಕೂಸಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ನನಗೆ ಈ ಕಾಳಿನ ಮೇಲೆ ಪ್ರೀತಿಯೂ ಇದೆ, ಹೆದರಿಕೆಯೂ ಇದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು, 40 ಗ್ರಾಂಗೂ ಮೀರಿದ ಕೊಬ್ಬು ಇರುತ್ತದೆ. ಕೂಲಿಯವರ ಮನೆಗೆ ಎಟಕುವ ಬೆಲೆಯಲ್ಲಿ ಇದಕ್ಕೆ ಸಮನಾದದ್ದು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಆದರೆ ಅದೇ ಕಾಳು ಇಡಿಯಾಗಿ ಎರಡು ವರ್ಷದ ಮಗುವಿನ ಅಂಗೈಯಲ್ಲಿ ಕಂಡರೆ, ಎದುರಿಗೆ ಪಂಚಾಯಿತಿ ಅಧ್ಯಕ್ಷರೇ ಇದ್ದರೂ ಮಾತು ಬಿಟ್ಟು ಓಡುತ್ತೇನೆ.

ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಮೂರು ವರ್ಷದೊಳಗಿನವರು. ತಾಯಂದಿರು ಉದ್ಯೋಗ ಖಾತರಿಯಲ್ಲಿ ಕೆರೆಯ ಹೂಳು ತೆಗೆಯಲು, ಬದು ಹಾಕಲು ಹೋಗುತ್ತಾರೆ. ಸುಗ್ಗಿಯಲ್ಲಿ ಕೆಲವರು ಶೇಂಗಾ ಕೀಳುವ, ಬಿಡಿಸುವ ಕೂಲಿಗೆ ಹೋಗಿ, ಸಂಜೆ ಮಡಿಲಲ್ಲಿ ಒಂದಿಷ್ಟು ಹಸಿ ಕಾಯಿ ಕಟ್ಟಿಕೊಂಡು ಬರುತ್ತಾರೆ. ಮರುದಿನ ಬೆಳಿಗ್ಗೆ ಅದರಲ್ಲೊಂದು ಪಾಲು ಮಗುವಿನ ಚಡ್ಡಿಯ ಜೇಬಿನಲ್ಲಿರುತ್ತದೆ. ಮಗು ಅಳದೆ ಕೂರಲಿ ಎಂದು ಅಜ್ಜಿ ಅಕ್ಕರೆಯಿಂದ ತುಂಬಿ ಕಳಿಸಿದ್ದು. ಅದನ್ನು ಕಿತ್ತುಕೊಂಡರೆ ಮಗುವಿಗಿಂತ ಮೊದಲು ಅಜ್ಜಿಗೆ ಸಿಟ್ಟು ಬರುತ್ತದೆ.

"ಅಲ್ಲಮ್ಮ, ನಾವೆಲ್ಲ ಇದನ್ನೇ ತಿಂದು ಬೆಳೆಯಲಿಲ್ಲವೇ?" ಎಂದು ಕೇಳುತ್ತಾರೆ. ಅವರಿಗೆ ನಾನು ಹಲ್ಲಿನ ಲೆಕ್ಕ ಹೇಳುತ್ತೇನೆ. ಮೊದಲು ಹುಟ್ಟುವ ಮುಂದಿನ ಹಲ್ಲುಗಳಿಗೆ ಕಚ್ಚಲು ಬರುತ್ತದೆ, ಅರೆಯಲು ಬರುವುದಿಲ್ಲ. ಮೊದಲ ದವಡೆ ಹಲ್ಲು ಒಂದು ವರ್ಷ ದಾಟಿದ ಮೇಲೆ ಬರುತ್ತದೆ, ಅದರ ಹಿಂದಿನದು ಎರಡು ದಾಟಿದ ಮೇಲೆ. ಬಂದ ಮೇಲೂ ಗಟ್ಟಿ ಕಾಳನ್ನು ನುಣ್ಣಗೆ ಅರೆದು ನುಂಗುವುದು ರೂಢಿಯಾಗಲು ನಾಲ್ಕೈದು ವರ್ಷ ತುಂಬಬೇಕು. ಅಲ್ಲಿಯವರೆಗೆ ಕಾಳು ಎರಡು ಬೇಳೆಯಾಗಿ ಒಡೆದು ನಾಲಿಗೆಯ ಮೇಲೆ ಜಾರಾಡುತ್ತಿರುತ್ತದೆ. ಆಗ ಮಗು ನಕ್ಕರೆ, ಅತ್ತರೆ, ಎದ್ದು ಓಡಿದರೆ ಬೇಳೆ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಅಜ್ಜಿಯರ ಕಾಲದಲ್ಲೂ ಹೋಗುತ್ತಿತ್ತು; ಆಗ ಸತ್ತ ಮಗುವಿಗೆ ದೃಷ್ಟಿಯಾಯಿತು, ಗಾಳಿಯಾಯಿತು ಎನ್ನುತ್ತಿದ್ದರು. ಇದನ್ನು ಕೇಳಿದ ಮೇಲೆ ಹಿರಿಯರು ವಾದ ಬಿಟ್ಟು, ತಮ್ಮ ಮನೆಯಲ್ಲೇ ಹಾಗೆ ಹೋದ ಯಾವುದೋ ಕೂಸಿನ ನೆನಪು ತೆಗೆಯುತ್ತಾರೆ.

ಉಸಿರು ಕಟ್ಟುವುದು ಎಲ್ಲರ ಕಣ್ಣಿಗೆ ಬೀಳುವ ಅಪಾಯ. ಕಣ್ಣಿಗೆ ಬೀಳದ ಇನ್ನೊಂದಿದೆ. ಚೂರು ದೊಡ್ಡ ಉಸಿರುನಾಳವನ್ನು ದಾಟಿ ಶ್ವಾಸಕೋಶದ ಕವಲಿನಲ್ಲಿ ಕೂತರೆ ಮಗು ಜೋರಾಗಿ ಕೆಮ್ಮಿ ಸುಮ್ಮನಾಗುತ್ತದೆ. ಎಲ್ಲರೂ ನುಂಗಿತು, ಹೋಯಿತು ಎಂದುಕೊಳ್ಳುತ್ತಾರೆ. ಒಳಗೆ ಅದು ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆ ಒಳಪೊರೆಯನ್ನು ಕೆರಳಿಸುತ್ತದೆ. ಕೆಲವು ದಿನಗಳಲ್ಲಿ ಕೆಮ್ಮು, ಜ್ವರ, ಸುಯ್ಯೆನ್ನುವ ಉಸಿರು ಶುರುವಾಗುತ್ತವೆ. ಎಕ್ಸ್‌ರೇಯಲ್ಲಿ ನಾಣ್ಯ ಕಂಡಂತೆ ಶೇಂಗಾ ಕಾಣುವುದಿಲ್ಲ. ಪಕ್ಕದ ಹಳ್ಳಿಯ ಒಂದು ಮಗುವಿಗೆ ಮೊದಲು ನೆಗಡಿಗೆ, ಆಮೇಲೆ ನ್ಯುಮೋನಿಯಾಕ್ಕೆ ಔಷಧಿ ನಡೆದೇ ಇತ್ತು. ಕೊನೆಗೆ ದಾವಣಗೆರೆಗೆ ಕರೆದೊಯ್ದು, ಅರಿವಳಿಕೆ ಕೊಟ್ಟು, ಗಂಟಲಿನಿಂದ ಸಣ್ಣ ಕೊಳವೆ ಇಳಿಸಿ ನೋಡಿದಾಗ ಸಿಕ್ಕಿದ್ದು ಅರ್ಧ ಬೇಳೆ. ಕೆಮ್ಮು ಶುರುವಾದ ದಿನ ಮಗು ಏನನ್ನಾದರೂ ತಿನ್ನುತ್ತಿತ್ತೇ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಮನೆಯವರಿಗೂ ಹೇಳಬೇಕೆಂದು ತೋಚಿರಲಿಲ್ಲ. ಹೀಗಾಗಿ ನಾನು ತಾಯಂದಿರಿಗೆ ಒತ್ತಿ ಹೇಳುವುದು ಇಷ್ಟೇ: ತಿನ್ನುವಾಗ ಇದ್ದಕ್ಕಿದ್ದಂತೆ ಕೆಮ್ಮಿದ ಮಗು ಆಮೇಲೆ ಸರಿಹೋದಂತೆ ಕಂಡರೂ ವೈದ್ಯರಲ್ಲಿಗೆ ಹೋಗಿ, ಅವರು ಕೇಳದಿದ್ದರೂ ಆ ಮಾತನ್ನು ಹೇಳಿ.

ಬಾಗಿಲ ಬಳಿ ಒಂದು ಡಬ್ಬಿ ಇಟ್ಟಿದ್ದೇನೆ. ಒಳಗೆ ಬರುವ ಮುನ್ನ ಜೇಬು ಖಾಲಿಯಾಗಬೇಕು. ಶೇಂಗಾ, ಹುಣಸೆ ಬೀಜ, ಸೀತಾಫಲದ ಬೀಜ, ಅಂಗಿಯಿಂದ ಕಿತ್ತ ಗುಂಡಿ, ರೂಪಾಯಿ ನಾಣ್ಯ, ಎಲ್ಲವೂ ಅದರಲ್ಲಿ ಬೀಳುತ್ತವೆ. ಸಂಜೆ ತಾಯಿಯ ಕೈಗೆ ಹಾಗೆಯೇ ಒಪ್ಪಿಸುತ್ತೇನೆ. ಕಾಳು ನಮ್ಮ ಬಳಿ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಜಗಳ ಕಡಿಮೆಯಾಯಿತು. ಮೋಟಾರು ರಿಪೇರಿ ಮಾಡುವವರಿಂದ ಒಂದೂಕಾಲು ಇಂಚಿನ ಪೈಪಿನ ತುಂಡೊಂದನ್ನು ಕೇಳಿ ತಂದಿದ್ದೇನೆ. ಅದರೊಳಗೆ ತೂರುವ ಯಾವ ಆಟಿಕೆಯೂ, ಆಟಿಕೆಯ ಯಾವ ಬಿಡಿಭಾಗವೂ ಮೂರು ವರ್ಷದೊಳಗಿನವರ ಕೈಗೆ ಹೋಗುವಂತಿಲ್ಲ. ಗುಂಡಿಯಾಕಾರದ ಬ್ಯಾಟರಿ ಇರುವ, ಹಾಡು ಹೇಳುವ ಜಾತ್ರೆಯ ಆಟಿಕೆಗಳನ್ನಂತೂ ಪೈಪಿಗೂ ಹಿಡಿಯುವುದಿಲ್ಲ, ವಾಪಸು ಕಳಿಸುತ್ತೇನೆ. ಆ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿದರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು.

ಮಂಡಕ್ಕಿಯ ವಿಚಾರದಲ್ಲಿ ನನ್ನ ನಿಲುವು ಸ್ವಲ್ಪ ಸಡಿಲ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಮಂಡಕ್ಕಿ ಬೇಡ ಎಂದು ಹೇಳಿ ಬದುಕಲು ಸಾಧ್ಯವಿಲ್ಲ. ಒಂದೂವರೆ ವರ್ಷ ದಾಟಿದವರಿಗೆ, ಕೂತು ತಿನ್ನುವುದಾದರೆ, ನೀರು ಚಿಮುಕಿಸಿ ಮೆತ್ತಗಾದ ಮಂಡಕ್ಕಿ ಇರಲಿ. ಆದರೆ ಒಗ್ಗರಣೆಯಲ್ಲಿರುವ ಹುರಿಗಡಲೆ, ಶೇಂಗಾ, ಸಾಸಿವೆಯ ಜೊತೆಗಿನ ಗಟ್ಟಿ ಬೇಳೆ ಎಲ್ಲವನ್ನೂ ಆರಿಸಬೇಕಾಗುತ್ತದೆ. ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲವಾದ್ದರಿಂದ ಒಗ್ಗರಣೆ ಹಾಕಿದ್ದನ್ನು ನಾನು ಒಳಗೆ ಬಿಡುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಏನಾದರೂ ಸಿಕ್ಕಿಬಿಡಬಹುದು. ಅದಕ್ಕಾಗಿ ನಾನೂ ಜೊತೆಯ ಆರೈಕೆದಾರರೂ ಬಟ್ಟೆಯ ಗೊಂಬೆ ಇಟ್ಟುಕೊಂಡು ಅಭ್ಯಾಸ ಮಾಡುತ್ತಿರುತ್ತೇವೆ. ಮಗು ಸದ್ದು ಮಾಡಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ನೀರು ಕುಡಿಸಬಾರದು, ಬಾಳೆಹಣ್ಣು ತುರುಕಬಾರದು. ಸದ್ದು ನಿಂತು, ಅಳಲೂ ಆಗದೆ, ತುಟಿ ನೀಲಿಯಾಗುತ್ತಿದ್ದರೆ ಒಬ್ಬರು 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಕೆಲಸಕ್ಕೆ ಇಳಿಯಬೇಕು. ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆಗೆ ಆಸರೆ ಕೊಟ್ಟು, ತಲೆ ತಗ್ಗಿಸಿ, ಎರಡು ಹೆಗಲ ನಡುವೆ ಅಂಗೈ ಬುಡದಿಂದ ಐದು ಪೆಟ್ಟು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವಿನ ಎಲುಬಿನ ಮೇಲೆ ಐದು ಬಾರಿ ಒತ್ತಬೇಕು. ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಐದು ಪೆಟ್ಟು ಕೊಟ್ಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಮೇಲೆ, ಪಕ್ಕೆಲುಬು ಕೂಡುವಲ್ಲಿಗಿಂತ ಕೆಳಗೆ, ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಬೇಕು. ವಸ್ತು ಹೊರಬರುವವರೆಗೆ ಅಥವಾ ಮಗು ಪ್ರಜ್ಞೆ ತಪ್ಪುವವರೆಗೆ ಇವೆರಡನ್ನೂ ಸರದಿಯಲ್ಲಿ ಮಾಡುತ್ತಲೇ ಇರಬೇಕು. ಪ್ರಜ್ಞೆ ತಪ್ಪಿದರೆ ಎದೆ ಒತ್ತಿ ಉಸಿರು ಕೊಡುವ ವಿಧಾನಕ್ಕೆ ಹೋಗಬೇಕು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿ ಕೆದಕಬಾರದು; ಅದು ಇನ್ನಷ್ಟು ಒಳಗೆ ಹೋಗುತ್ತದೆ. ಓದಿ ಕಲಿಯುವ ವಿದ್ಯೆ ಇದಲ್ಲ. ಆರೋಗ್ಯ ಕೇಂದ್ರದಲ್ಲಿ ಕಲಿಸುವವರನ್ನು ಕೇಳಿ, ಅವರ ಎದುರೇ ಮಾಡಿ ತೋರಿಸಬೇಕು.

ಇನ್ನು ಬಟ್ಟಲಿನ ವಿಚಾರ. ಕೈಯಿಂದ ಕಿತ್ತುಕೊಂಡ ಶೇಂಗಾವನ್ನು ಬಟ್ಟಲಿನಲ್ಲಿ ವಾಪಸು ಕೊಡದಿದ್ದರೆ ಮಗುವಿಗೆ ನಷ್ಟ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳನ್ನು ಮೊದಲೇ ಆರಿಸಿ ಎಸೆಯುತ್ತೇವೆ. ಕೊಯ್ಲಿನ ವೇಳೆ ಮಳೆಗೆ ಸಿಕ್ಕ ಬೆಳೆಯಲ್ಲಿ ಇಂಥವು ಹೆಚ್ಚು, ಮತ್ತು ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಕೋಳಿಗೆ ಹಾಕುತ್ತೇವೆ ಕೊಡಿ ಎನ್ನುವವರಿದ್ದಾರೆ, ಕೋಳಿಗೂ ಬೇಡ. ಒಳ್ಳೆಯದನ್ನು ಹುರಿದು, ಹೊಟ್ಟು ಕೇರಿ, ಪುಡಿ ಮಾಡಿ ಜರಡಿ ಹಿಡಿಯುತ್ತೇವೆ. ಜರಡಿಯ ಮೇಲೆ ಉಳಿದ ತರಿ ಮತ್ತೆ ಮಿಕ್ಸಿಗೆ ಹೋಗುತ್ತದೆ. ಚಿಕ್ಕಿಯನ್ನೂ ಶೇಂಗಾ ಉಂಡೆಯನ್ನೂ ಈ ವಯಸ್ಸಿನವರಿಗೆ ಕೊಡುವುದಿಲ್ಲ, ಅಂಟಿನ ಮುದ್ದೆ ಗಂಟಲಲ್ಲಿ ಕೂರುತ್ತದೆ. ಮೊದಲ ಸಲ ಪುಡಿ ಕೊಡುವಾಗ ಚಿಟಿಕೆಯಷ್ಟು ಕೊಟ್ಟು ನೋಡುತ್ತೇವೆ. ತುಟಿ ಊದುವುದು, ಮೈಮೇಲೆ ದದ್ದು, ವಾಂತಿ ಇಲ್ಲದಿದ್ದರೆ ಮುಂದೆ ಚಮಚದ ಲೆಕ್ಕ.

ಇದು ಸೇರುವುದು ರಾಗಿ ಸರಿಗೆ, ಅಂದರೆ ಕೂಸುಗಳಿಗೆ ಕಾಯಿಸುವ ರಾಗಿ ಗಂಜಿಗೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿ ಸೋಸುವುದು ನಮ್ಮ ಬಾಣಂತಿಯರ ಮನೆಗಳಲ್ಲಿ ಹಿಂದಿನಿಂದ ನಡೆದು ಬಂದ ಕ್ರಮ. ಈಗ ಪುರುಸೊತ್ತಿಲ್ಲ ಎಂದು ಮೊಳಕೆ ಬಿಟ್ಟು ಬರೀ ರಾಗಿ ಹಿಟ್ಟು ಕಾಯಿಸುತ್ತಾರೆ. ಅಲ್ಲೇ ಎಡವಟ್ಟಾಗುವುದು. ಬರೀ ಹಿಟ್ಟು ಬೆಂದಾಗ ಗಟ್ಟಿಯಾಗುತ್ತದೆ, ಮಗು ನುಂಗಲಿ ಎಂದು ನೀರು ಸುರಿಯುತ್ತಾರೆ, ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಏಳು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟಕ್ಕೂ ಕಡಿಮೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ರಾಗಿ ಸರಿ ನುಂಗುವಷ್ಟು ಮೆತ್ತಗಿರುತ್ತದೆ. ರಾಗಿಯ ಕಬ್ಬಿಣವನ್ನು ಮೈ ಹೀರದಂತೆ ತಡೆಯುವ ಫೈಟೇಟ್ ಕೂಡ ಮೊಳಕೆಯಿಂದ ತಗ್ಗುತ್ತದೆ. ನಾನು ನೋಡುವುದು ಚಮಚವನ್ನು. ಓರೆ ಮಾಡಿದಾಗ ಸರಿ ಧಾರೆಯಾಗಿ ಸುರಿದರೆ ಒಲೆಗೆ ವಾಪಸು, ಚಮಚಕ್ಕೆ ಅಂಟಿ ನಿಧಾನವಾಗಿ ಬಿದ್ದರೆ ಬಟ್ಟಲಿಗೆ. ನಾಲ್ಕು ಪಾಲು ರಾಗಿ, ಒಂದು ಪಾಲು ಹುರಿದ ಹೆಸರುಬೇಳೆ, ಒಂದು ಪಾಲು ಶೇಂಗಾ ನಮ್ಮ ಅಳತೆ. ಆರರಿಂದ ಎಂಟು ತಿಂಗಳಿನವರಿಗೆ 250 ಮಿಲಿಲೀಟರ್ ಬಟ್ಟಲಿನ ಅರ್ಧ, ವರ್ಷ ದಾಟಿದವರಿಗೆ ಮುಕ್ಕಾಲರಿಂದ ಪೂರ್ತಿ. ತಿನ್ನಿಸುವಾಗ ಮಗು ಕೂತಿರಬೇಕು. ಮಲಗಿದ ಮಗುವಿಗೆ ಒಳಲೆಯಲ್ಲಿ (ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲಿನಲ್ಲಿ) ಹುಯ್ಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಈ ಒಂದು ವಿಷಯದಲ್ಲಿ ಅತ್ತೆಯ ಮಾತನ್ನೂ ಕೇಳಿಲ್ಲ.

ಸರಿ ಕಾಯಿಸುವ ನೀರಿನ ಬಗ್ಗೆ ಬೇರೆ ಊರಿನವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ನಮಗೆ ಬಿಡುವಂತಿಲ್ಲ. ಚಿತ್ರದುರ್ಗ ಜಿಲ್ಲೆಯ ಬಹಳಷ್ಟು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಮಾನದಂಡ. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿರುವವರು ಬಹಳ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಗಂಜಿಯನ್ನು ಕೊಳಾಯಿ ನೀರಿನಲ್ಲಿ ಗಂಟೆಗಟ್ಟಲೆ ಕಾಯಿಸಿ, ಕುಡಿಯಲು ಮಾತ್ರ ಶುದ್ಧ ನೀರಿನ ಘಟಕದ ನೀರು ಕೊಡುವುದರಲ್ಲಿ ಅರ್ಥವಿಲ್ಲ. ನಮ್ಮಲ್ಲಿ ಅಡುಗೆಗೂ ಘಟಕದ ಕ್ಯಾನಿನ ನೀರೇ. ಕ್ಯಾನು ಹೊತ್ತು ತರುವಾಗ ಯಾರ್ಯಾರದೋ ಕೈ ತಾಗಿರುತ್ತದೆ, ಹಾಗಾಗಿ ಕುಡಿಯುವುದನ್ನು ಒಮ್ಮೆ ಕುದಿಸಿ ಆರಿಸುತ್ತೇವೆ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಈ ವಯಸ್ಸಿನಲ್ಲೇ. ಈಗ ಕುಡಿದ ಫ್ಲೋರೈಡಿನ ಕಲೆ ಹಲ್ಲಿನ ಮೇಲೆ ಆರೇಳನೇ ವರ್ಷದಲ್ಲಿ, ಶಾಲೆಗೆ ಹೋಗುವಾಗ ಕಾಣುತ್ತದೆ. ಆಗ ಉಜ್ಜಿದರೆ ಹೋಗುವುದಿಲ್ಲ.

ಚಹಾ ಮತ್ತು ಬಿಸ್ಕತ್ತಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆದರೆ ಕೋಪ ಬರುತ್ತದೆ. ಚಹಾ ಕಬ್ಬಿಣವನ್ನು ತಡೆಯುತ್ತದೆ, ಬಿಸ್ಕತ್ತು ಹಸಿವನ್ನು ಕೊಲ್ಲುತ್ತದೆ. ವರ್ಷ ತುಂಬದವರಿಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ.

ಭೇದಿಯಾದಾಗ ಊಟ ನಿಲ್ಲಿಸುವ ಪದ್ಧತಿಯನ್ನು ಬಿಡಿಸುವುದು ಶೇಂಗಾ ಬಿಡಿಸುವುದಕ್ಕಿಂತ ಕಷ್ಟವಾಯಿತು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಒಂದು ದಿನದೊಳಗೆ ಮುಗಿಸಿ, ಉಳಿದರೆ ಚೆಲ್ಲಬೇಕು. ಆಶಾ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ 14 ದಿನ ಪೂರ್ತಿ ಮಾಡಬೇಕು. ಎದೆಹಾಲು, ಸರಿ ಎರಡೂ ಮುಂದುವರಿಯಬೇಕು. ತಿಂಗಳಿಗೊಮ್ಮೆ ಅಂಗನವಾಡಿ ಕಾರ್ಯಕರ್ತೆಯ ಜೊತೆ ಕೂತು ಮಗು ಸೊರಗಿದೆಯೇ ಎಂದು ತಿಳಿಯಲು ಬಣ್ಣದ ಪಟ್ಟಿಯಿಂದ ತೋಳಿನ ಸುತ್ತಳತೆ ಹಿಡಿಯುತ್ತೇವೆ. ಪಟ್ಟಿ 11.5 ಸೆಂಟಿಮೀಟರಿಗಿಂತ ಕಡಿಮೆ, ಕೆಂಪು ತೋರಿಸಿದರೆ ನಮ್ಮ ಸರಿಯ ಬಟ್ಟಲು ಸಾಲದು, ಆರೋಗ್ಯ ಕೇಂದ್ರದವರು ನೋಡಿ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತಾರೆ. 12.5ರವರೆಗಿನ ಹಳದಿಯಲ್ಲಿರುವವರ ಬಟ್ಟಲಿಗೆ ಒಂದು ಚಮಚ ಎಣ್ಣೆ, ಇನ್ನೊಂದು ಚಮಚ ಶೇಂಗಾ ಪುಡಿ ಹೆಚ್ಚು ಬೀಳುತ್ತದೆ.

ಜಂತುಹುಳು ನಿವಾರಣಾ ದಿನದಂದು, ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುತ್ತಿನಲ್ಲಿ, ಶೇಂಗಾದ ನಿಯಮವೇ ಮಾತ್ರೆಗೂ. ಒಂದರಿಂದ ಎರಡು ವರ್ಷದವರಿಗೆ ಅರ್ಧ, ಅದಕ್ಕಿಂತ ದೊಡ್ಡವರಿಗೆ ಒಂದು ಆಲ್ಬೆಂಡಜೋಲ್. ಎರಡು ಚಮಚದ ನಡುವೆ ಇಟ್ಟು ಹಿಟ್ಟಾಗಿ ಪುಡಿ ಮಾಡಿ, ನೀರಿನಲ್ಲಿ ಕದಡಿ ಕೊಡುತ್ತೇವೆ. ಅಳುತ್ತಿರುವ ಮಗುವಿನ ಮೂಗು ಹಿಡಿದು ಬಾಯಿಗೆ ಹಾಕಿಸುವುದನ್ನು, ಪಟ್ಟಿ ಆ ದಿನವೇ ತುಂಬಬೇಕೆಂದು ಮೇಲಿನವರು ಅವಸರ ಮಾಡಿದರೂ, ನಾನು ಬಿಡುವುದಿಲ್ಲ. ಜ್ವರ ಇದ್ದವರಿಗೂ ಅಂದು ಕೊಡುವುದಿಲ್ಲ. ಬಿಟ್ಟುಹೋದವರಿಗೆ ವಾರದೊಳಗೆ ಇನ್ನೊಂದು ಸುತ್ತು ಇದ್ದೇ ಇರುತ್ತದೆ, ಅವರ ಹೆಸರು ಬರೆದು ಗೋಡೆಗೆ ಅಂಟಿಸುತ್ತೇನೆ.